ಮೈಸೂರಿನ ಹಳೇ ಕಟ್ಟಡ ತೋರಿಸಲು ಗುಂಪು ಕರೆದೊಯ್ಯುವುದು ಹೇಗೆ?

ನೆಂಟರು, ಗೆಳೆಯರು ಸೇರಿದ್ದೀರಾ? ಮೈಸೂರಿನ ಪಾರಂಪರಿಕ ಕಟ್ಟಡಗಳನ್ನು ನೋಡಲು ಬಸ್ಸು ಬೇಡ. ಟೌನ್ ಹಾಲ್‌ನಿಂದ ಹೊರಟು ಅರಮನೆಯಲ್ಲಿ ಮುಗಿಸಿ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಬಿಸಿಲೇರುವ ಮೊದಲು ಮುಕ್ಕಾಲು ಪಾಲು ಆಗಿರುತ್ತದೆ.

ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ಮೊದಲ ಸಲ ನಾನು ಮೂವತ್ತು ಜನರನ್ನು ಕರೆದೊಯ್ದೆ. ಹಿಂದಿದ್ದವರಿಗೆ ಏನೂ ಕೇಳಿಸಲಿಲ್ಲ. ದಾರಿ ಗೊತ್ತಿರುವ ಒಬ್ಬರು ಕೊನೆಯಲ್ಲಿ ನಡೆಯಲಿ. ಹಿಂದಿನ ವಾರ ಅದೇ ಹೊತ್ತಿಗೆ ನೀವೊಬ್ಬರೇ ಹೋಗಿ ಬನ್ನಿ. ನೆರಳೆಲ್ಲಿದೆ, ಶೌಚಾಲಯ ಎಲ್ಲಿದೆ, ಎಲ್ಲರೂ ನಿಲ್ಲುವಷ್ಟು ಜಾಗ ಎಲ್ಲಿದೆ ಎಂದು ನೋಡಿಕೊಳ್ಳಿ.

ಟೌನ್ ಹಾಲ್ ಕಟ್ಟಿದ್ದು 1884ರಲ್ಲಿ, ದಿವಾನ್ ರಂಗಾಚಾರ್ಲು ಅವರ ನೆನಪಿಗೆ. ಪಕ್ಕದಲ್ಲೇ ದೊಡ್ಡ ಗಡಿಯಾರ. ಇಲ್ಲಿ ತಕ್ಷಣ ಮಾತು ಶುರು ಮಾಡಬೇಡಿ. ಎರಡು ನಿಮಿಷ ಸುಮ್ನೆ ಮೇಲೆ ನೋಡಲು ಬಿಡಿ. ಅಂಕಿಗಳು ಕನ್ನಡದಲ್ಲಿವೆ ಅಂತ ಯಾರಾದರೂ ಕೂಗುತ್ತಾರೆ. ಆಮೇಲೆ ಕಥೆ ಹೇಳಿ: ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆ ನೌಕರರು ಹಣ ಕೂಡಿಸಿ ಕಟ್ಟಿಸಿದ್ದು. ತಾವೇ ಕಂಡದ್ದು ಮರೆಯುವುದಿಲ್ಲ, ಅಲ್ವಾ?

ಕೆ.ಆರ್. ಸರ್ಕಲ್ ದಾಟಿ ದೇವರಾಜ ಮಾರುಕಟ್ಟೆಗೆ ಬನ್ನಿ. ಇಲ್ಲಿ ಅರ್ಧ ಗಂಟೆಯಾದರೂ ಕೊಡಿ. ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ರಾಶಿ ನೋಡುವಾಗ ದಾರಿಗೆ ಅಡ್ಡ ನಿಲ್ಲಬೇಡಿ, ವ್ಯಾಪಾರಿಗಳನ್ನು ಕೇಳದೆ ಫೋಟೊ ತೆಗೆಯಬೇಡಿ. ಹಳೇ ಅಂಗಡಿಯವರನ್ನು ಮಾತಾಡಿಸಿ. ಈ ಕಟ್ಟಡ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಳಿಂದ ನಡೆದು ಬಂದಿದೆ. ಅಲ್ಲೇ ಬದುಕು ಕಟ್ಟಿಕೊಂಡವರ ಮಾತು ನಮ್ಮ ವಿವರಣೆಗಿಂತ ದೊಡ್ಡದು.

ಮುಂದೆ ಚಿಕ್ಕ ಗಡಿಯಾರ, ಲ್ಯಾನ್ಸ್‌ಡೌನ್ ಕಟ್ಟಡ. 2012ರಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ದೂರದಿಂದಲೇ ತೋರಿಸಿ. ಹಳೇ ಕಟ್ಟಡಕ್ಕೆ ಕಾಲಕಾಲಕ್ಕೆ ರಿಪೇರಿ ಏಕೆ ಬೇಕು ಎಂದು ಇಲ್ಲಿ ಹೇಳಲೇಬೇಕು.

ಕಾಫಿ, ತಿಂಡಿ ಆದ ಮೇಲೆ ಜಗನ್ಮೋಹನ ಅರಮನೆ. ಇದನ್ನು ದೊಡ್ಡ ಅರಮನೆಗಿಂತ ಮೊದಲೇ ತೋರಿಸುವುದಕ್ಕೆ ಕಾರಣ ಇದೆ. 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಮರದ ಹಳೇ ಅರಮನೆಗೆ ಬೆಂಕಿ ಬಿತ್ತು. ಹೊಸದು 1912ರಲ್ಲಿ ಮುಗಿಯುವ ತನಕ ರಾಜಮನೆತನ ಇದ್ದದ್ದು ಇಲ್ಲೇ. 1902ರಲ್ಲಿ ನಾಲ್ವಡಿಯವರ ಪಟ್ಟಾಭಿಷೇಕವೂ ಇಲ್ಲೇ ನಡೆಯಿತು.

ಹತ್ತು ಗಂಟೆಗೆ ಅರಮನೆ ತೆರೆಯುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ನೆಲ ಕಾದಿರುತ್ತದೆ, ಸಾಕ್ಸ್ ತರಲು ಮೊದಲೇ ಹೇಳಿರಿ. ಒಳಗೆ ಕಲ್ಯಾಣ ಮಂಟಪದ ಕಂಬಗಳ ಮುಂದೆ ಗುಂಪನ್ನು ನಿಲ್ಲಿಸಿ, ಇವು ಯಾವುದರಿಂದ ಮಾಡಿದ್ದು ಎಂದು ಕೇಳಿ. ಕಲ್ಲು ಅನ್ನುತ್ತಾರೆ, ಮರ ಅನ್ನುತ್ತಾರೆ. ಅವು ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳು. ಜಗನ್ಮೋಹನದಲ್ಲಿ ಹೇಳಿದ ಬೆಂಕಿಯ ಕಥೆ ಆಗ ಎಲ್ಲರಿಗೂ ನೆನಪಾಗುತ್ತದೆ.