ಲಾಕ್‌ಡೌನ್ ಮತ್ತೆ ಬಂದರೆ: ಪ್ರಾಣಿ-ಪಕ್ಷಿಗಳ ಫೋಟೊ ತೆಗೆದು ಬದುಕುವವರಿಗೆ

2020ರ ಮಾರ್ಚ್ 25ಕ್ಕೆ 21 ದಿನ ಎಂದು ಶುರುವಾದ ಲಾಕ್‌ಡೌನ್ ಮೇ ಕೊನೆವರೆಗೆ ಎಳೆಯಿತು. 2021ರ ಏಪ್ರಿಲ್ 27ರ ರಾತ್ರಿ ಮತ್ತೆ ಬಾಗಿಲು ಬಿತ್ತು. ಜೂನ್ 14ಕ್ಕೆ ಹಲವು ಜಿಲ್ಲೆಗಳಲ್ಲಿ ಸಡಿಲಿಕೆ ಸಿಕ್ಕರೂ ದಾವಣಗೆರೆ ಇನ್ನೊಂದು ವಾರ ಕಾಯಬೇಕಾಯಿತು. ಹಾಗಾಗಿ ಸರ್ಕಾರ ಹೇಳಿದ ಕೊನೆಯ ದಿನವನ್ನು ನಂಬಿ ಖರ್ಚು-ಕೆಲಸದ ಲೆಕ್ಕ ಹಾಕಬೇಡಿ. ಮೂರು ವಾರ ಎಂದರೆ ಎರಡು ತಿಂಗಳಿಗೆ ಸಿದ್ಧರಾಗಿ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ), ಚಿತ್ರದುರ್ಗದ ಜೋಗಿಮಟ್ಟಿಯ ಕಾಡು, ದಾವಣಗೆರೆಯ ಕುಂದುವಾಡ ಕೆರೆಯ ನೀರುಹಕ್ಕಿ ಯಾವುದೂ ಆ ದಿನಗಳಲ್ಲಿ ಕೈಗೆ ಸಿಗುವುದಿಲ್ಲ. ಫೋಟೊ ತೆಗೆಯುವುದು ಅಗತ್ಯ ಸೇವೆಯಲ್ಲ, ಪಾಸ್ ಸಿಗುವುದೂ ಇಲ್ಲ. ಕದ್ದು ಹೋಗುವ ಯೋಚನೆ ಬಿಡಿ. ಅರಣ್ಯ ಇಲಾಖೆಯವರ ವಿಶ್ವಾಸ ಒಮ್ಮೆ ಹೋದರೆ ಲಾಕ್‌ಡೌನ್ ಮುಗಿದ ಮೇಲೂ ಬರುವುದಿಲ್ಲ.

ಮೊದಲ ದಿನ ಸಾಮಾನು ನೋಡಿ

ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಲೆನ್ಸಿಗೆ ಶತ್ರು ಧೂಳು ಮತ್ತು ಬಿಸಿ. ಫಂಗಸ್ ಕಾಟ ಜೂನ್ ಮಳೆ ಬಿದ್ದ ಮೇಲೆ. ಗಾಳಿಯಾಡದ 20 ಲೀಟರ್ ಪ್ಲಾಸ್ಟಿಕ್ ಡಬ್ಬಿಗೆ 200 ಗ್ರಾಂ ಸಿಲಿಕಾ ಜೆಲ್ ಹಾಕಿ, ಒಳಗೆ ತೇವಾಂಶ ಅಳೆಯುವ ಚಿಕ್ಕ ಮೀಟರ್ ಇಡಿ. 40ರಿಂದ 50 ಶೇಕಡಾ ಇದ್ದರೆ ಸಾಕು. ಚರ್ಮದ ಪೌಚನ್ನು ಡಬ್ಬಿಯೊಳಗೆ ಇಡಬೇಡಿ, ಫಂಗಸ್ ಹತ್ತುವುದು ಬಹಳ ಸಲ ಅದರಿಂದಲೇ. ಜೆಲ್ ಬಣ್ಣ ತಿರುಗಿದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ನೀಲಿ ಜೆಲ್‌ನಲ್ಲಿ ವಿಷದ ಕೋಬಾಲ್ಟ್ ಇರುವುದರಿಂದ ಆ ಬಾಣಲೆ ಮತ್ತೆ ಅಡುಗೆಗೆ ಬರಕೂಡದು.

ಬಳಸದ ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಕ್ಯಾಮೆರಾದಿಂದ ಹೊರಗೆ, ತಂಪಾದ ಜಾಗದಲ್ಲಿಡಿ. ಶೀಟಿನ ಕೋಣೆಯಲ್ಲಂತೂ ಬೇಡ. ಬ್ಯಾಟರಿ ವಾರಗಟ್ಟಲೆ ಹೊರಗಿದ್ದರೆ ಕೆಲವು ಕ್ಯಾಮೆರಾಗಳ ಗಡಿಯಾರ ಹಳೆಯ ಮೂಲ ದಿನಾಂಕಕ್ಕೆ ಹೋಗಿಬಿಡುತ್ತದೆ. ಮತ್ತೆ ಶುರುಮಾಡುವಾಗ ದಿನಾಂಕ ಸರಿಪಡಿಸದಿದ್ದರೆ ಫೋಟೊಗಳ ಕ್ರಮವೆಲ್ಲ ಕಲಸಿಹೋಗುತ್ತದೆ.

ಮಾಳಿಗೆಯೇ ಕಾಡು

ಬೇಸಿಗೆಯಲ್ಲಿ ಹಕ್ಕಿಯನ್ನು ಕಾಳಿಗಿಂತ ನೀರು ಬೇಗ ಕರೆಯುತ್ತದೆ. ಒಂದೂವರೆ ಅಡಿ ಅಗಲದ ಮಣ್ಣಿನ ತಟ್ಟೆ ತೆಗೆದುಕೊಂಡು ನೀರಿನ ಆಳ ಎರಡು ಇಂಚು ಮೀರದಂತೆ ನೋಡಿ, ನಡುವೆ ಒರಟು ಕಲ್ಲಿಡಿ. ಜಾರುವ ಸ್ಟೀಲ್ ತಟ್ಟೆಗೆ ಹಕ್ಕಿ ಇಳಿಯಲು ಹಿಂಜರಿಯುತ್ತದೆ. ಮೇಲೆ ಒಂದು ಬಾಟಲಿ ಕಟ್ಟಿ, ಬುಡಕ್ಕೆ ಸೂಜಿಯಿಂದ ತೂತು ಮಾಡಿ ಹನಿ ಹನಿಯಾಗಿ ಬೀಳಿಸಿ. ಆ ಸದ್ದು, ಆ ಅಲೆ ಕಂಡರೆ ಪಿಕಳಾರ (ಬುಲ್‌ಬುಲ್) ಮೊದಲು ಬರುತ್ತದೆ. ನೀರನ್ನು ದಿನಾ ಬದಲಿಸಿ, ತಟ್ಟೆ ಉಜ್ಜಿ ತೊಳೆಯಿರಿ. ಒಂದು ವಾರ ಹಾಗೇ ಬಿಟ್ಟರೆ ಡೆಂಗ್ಯೂ ಸೊಳ್ಳೆ ಮರಿ ಮಾಡುತ್ತದೆ. ತಿನ್ನಲು ನವಣೆ, ಸಜ್ಜೆ, ಮೆಕ್ಕೆಜೋಳದ ನುಚ್ಚು ಒಂದೊಂದು ಹಿಡಿ ಹಾಕಿದರೆ ಸಾಕು. ಉಪ್ಪು-ಖಾರದ ಮಂಡಕ್ಕಿ ಹಾಕಲೇಬೇಡಿ.

ತಟ್ಟೆಯಿಂದ ಎರಡು ಅಡಿ ದೂರಕ್ಕೆ ಒಣ ಜಾಲಿ ಕೊಂಬೆಯೊಂದನ್ನು ಕುಂಡದಲ್ಲಿ ಊರಿ. ನೀರಿಗಿಳಿಯುವ ಮೊದಲು ಹಕ್ಕಿ ಅದರ ಮೇಲೆ ಕೂರುತ್ತದೆ, ನಿಮ್ಮ ಫೋಟೊ ಅಲ್ಲಿಯೇ. ಕೊಂಬೆಯ ಹಿಂದೆ ಕನಿಷ್ಠ 12 ಅಡಿ ಖಾಲಿ ಇರಲಿ. ಗೋಡೆ ಹತ್ತಿರವಿದ್ದರೆ ಎಷ್ಟೇ ದುಬಾರಿ ಲೆನ್ಸಾದರೂ ಹಿನ್ನೆಲೆ ಮಸುಕಾಗದು. ಬೆಳಿಗ್ಗೆ ಪೂರ್ವಕ್ಕೆ ಬೆನ್ನು ಮಾಡಿ ಕೂರಿ. ಅಡಗಿ ಕೂರಲು ಚಳ್ಳಕೆರೆ ಕಡೆಯ ಕರಿ ಕಂಬಳಿಗೆ ಸಾಟಿಯಿಲ್ಲ. ಸೀರೆ, ಟಾರ್ಪಾಲಿನಂತೆ ಅದು ಗಾಳಿಗೆ ಪಟಪಟಿಸುವುದಿಲ್ಲ. ಎರಡು ದಿನ ಮೊದಲೇ ಕಟ್ಟಿಬಿಟ್ಟರೆ ಹಕ್ಕಿಗಳಿಗೆ ರೂಢಿಯಾಗುತ್ತದೆ.

ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಗೆ 300 ಎಂ.ಎಂ. ಲೆನ್ಸ್ ಹಾಕಿ 10 ಅಡಿ ದೂರದಿಂದ ನೋಡಿದರೆ ಚೌಕಟ್ಟಿನ ಅಗಲ ಸುಮಾರು 23 ಸೆಂ.ಮೀ. ಸೂರಕ್ಕಿಗೆ (ಸನ್‌ಬರ್ಡ್) ಅದು ಹೇಳಿ ಮಾಡಿಸಿದ ದೂರ. 20 ಸೆಂ.ಮೀ. ಉದ್ದದ ಪಿಕಳಾರಕ್ಕೆ ಮಾತ್ರ ಅದು ಇಕ್ಕಟ್ಟು, ಸ್ವಲ್ಪ ಅಲುಗಿದರೂ ಬಾಲ ಕತ್ತರಿಸಿಹೋಗಬಹುದು, ಅದಕ್ಕೆ 15 ಅಡಿಗೆ ಸರಿಯಿರಿ. ಶಟರ್ 1/1000 ಸೆಕೆಂಡ್, ರೆಕ್ಕೆ ಬಡಿತಕ್ಕೆ 1/2000. ಒಂಬತ್ತರ ನಂತರ ಕಾದ ಕಾಂಕ್ರೀಟಿನಿಂದ ಏಳುವ ಝಳ ಫೋಟೊವನ್ನು ಮಸುಕು ಮಾಡುತ್ತದೆ. ಎಷ್ಟೋ ಜನ ಲೆನ್ಸ್ ಕೆಟ್ಟಿತೆಂದು ಸರ್ವಿಸಿಗೆ ಕಳಿಸುವುದು ಈ ಕಾರಣಕ್ಕೇ. ಆ ಹೊತ್ತಿಗೆ ಕ್ಯಾಮೆರಾ ಮುಚ್ಚಿ, ಸಂಜೆ ಐದಕ್ಕೆ ಮತ್ತೆ ಹತ್ತಿ. ಗೂಡು ಕಂಡರೆ ಮಾತ್ರ ದೂರವಿರಿ. ತಾಯಿಹಕ್ಕಿ ಹೆದರಿ ಎದ್ದರೆ ಬಿಸಿಲಿಗೆ ಮರಿಗಳು ಸಾಯುತ್ತವೆ, ಜತೆಗೆ ಕಾಗೆಗೂ ದಾರಿ ತೋರಿಸಿದಂತಾಗುತ್ತದೆ.

ಸಂತೆ ಮುಚ್ಚಿದಾಗ ದುಡ್ಡು

ದನದ ಸಂತೆ, ಜಾತ್ರೆ ನಿಂತಾಗ ರೈತರು ಮಾರಾಟಕ್ಕೆ ಮೊಬೈಲ್ ಫೋಟೊ ಕಳಿಸುತ್ತಾರೆ, ಬಹಳ ಸಲ ಅದರಲ್ಲಿ ಎತ್ತಿನ ಅಂದವೇ ಕಾಣುವುದಿಲ್ಲ. ನೀವು ಹೋಗಲಾಗದು, ಆದರೆ ಫೋನಿನಲ್ಲಿ ಹೇಳಿ ತೆಗೆಸಬಹುದು, ತಿದ್ದಿ ಕೊಡಬಹುದು. ಇದು ಪ್ರಾಮಾಣಿಕವಾದ ದುಡಿಮೆ. ಒಂದು ನಿಮಿಷದ ಧ್ವನಿ ಸಂದೇಶದಲ್ಲಿ ಹೀಗೆ ಹೇಳಿ:

"ಅಣ್ಣಾ, ಹೋರೀನ್ನ ನೆರಳಿಲ್ಲದ ಬಯಲಲ್ಲಿ ನಿಲ್ಲಿಸು, ಬಿಸಿಲು ನಿನ್ನ ಬೆನ್ನಿಗಿರಲಿ. ಮೊಬೈಲನ್ನ ಅದರ ಹೊಟ್ಟೆ ಎತ್ತರಕ್ಕೆ ಹಿಡಿ, ಮೇಲಿಂದ ತೆಗೀಬೇಡ, ಕಾಲು ಗಿಡ್ಡ ಕಾಣ್ತವೆ. ಹತ್ತು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಝೂಮ್ ಮಾಡು. ಪಕ್ಕದಿಂದ ಒಂದು, ಮುಂದಿನಿಂದ ಕೊಂಬು ಕಾಣೋ ಹಾಗೆ ಒಂದು, ಹಿಂದಿನಿಂದ ಒಂದು, ಬಾಯಿ ತೆಗೆದು ಹಲ್ಲಿಂದು ಒಂದು."

ಹತ್ತಿರದಿಂದ ತೆಗೆದರೆ ಮೊಬೈಲಿನ ಅಗಲ ಲೆನ್ಸ್ ತಲೆಯನ್ನು ದೊಡ್ಡದಾಗಿಸಿ ಮೈಯನ್ನು ಸಣ್ಣದಾಗಿಸುತ್ತದೆ, ಹೆಜ್ಜೆ ಲೆಕ್ಕ ಅದಕ್ಕೇ. ಹಲ್ಲಿನ ಫೋಟೊ ಇಲ್ಲದಿದ್ದರೆ ಕೊಳ್ಳುವವನು ವಯಸ್ಸು ನಂಬುವುದಿಲ್ಲ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ತಿದ್ದುವಾಗ ಬೆಳಕು, ವಾಲಿದ ನೆಲ ಸರಿಮಾಡಿ, ಅಷ್ಟೇ. ಗಾಯ, ಬಡಕಲು ಬೆನ್ನು ಅಳಿಸುವುದು ಮೋಸ.

ಬಾಕಿ ಬುಕಿಂಗ್‌ಗಳಿಗೆ ಮುಂಗಡ ವಾಪಸ್ ಕೊಡುವ ಮೊದಲು ದಿನಾಂಕ ಮುಂದೂಡುವ ಆಯ್ಕೆ ಕೊಡಿ. ಮುಂದಿನ ಸಲ ಒಪ್ಪಂದದಲ್ಲೇ "ಸರ್ಕಾರಿ ನಿರ್ಬಂಧ ಬಂದರೆ ದಿನಾಂಕ ಬದಲು, ಮುಂಗಡ ಹಾಗೇ ಉಳಿಯುತ್ತದೆ" ಎಂದು ಬರೆಸಿ.

ಹಳೆಯ ಫೋಟೊಗಳಿಗೆ ದಿನಕ್ಕೆ ಎರಡೇ ಗಂಟೆ ಕೊಡಿ. ಇಡೀ ದಿನ ಕೂತರೆ ಕಣ್ಣು ಸೋತು ಒಳ್ಳೆಯವನ್ನೂ ಅಳಿಸುತ್ತೀರಿ. ಉಳಿಸಿದ್ದಕ್ಕೆ ಪ್ರಾಣಿಯ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ತಾಲ್ಲೂಕು, ತಿಂಗಳು, ಏನು ಮಾಡುತ್ತಿತ್ತು ಎಂದು ಬರೆಯಿರಿ. ಕೊಂಡುಕುರಿಯಂಥ ಪ್ರಾಣಿಯ ಫೋಟೊ ಕಳಿಸುವಾಗ ಜಿಪಿಎಸ್ ಗುರುತು ತೆಗೆದುಹಾಕಿ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಪ್ರಿಂಟ್ ಮಾರುವುದಾದರೆ 12×18 ಇಂಚಿಗೆ 300 ಡಿಪಿಐನಲ್ಲಿ 3600×5400 ಪಿಕ್ಸೆಲ್ ಬೇಕು. ಅಷ್ಟಿಲ್ಲದ ಫೋಟೊವನ್ನು 8×12 ಇಂಚಿಗೇ ಮಾರಿ.