ಭಾಷಣ ಬಿಟ್ಟು ವೀಲ್‌ಚೇರ್ ರಿಪೇರಿಗೆ ಕೂತೆವು: ನಮ್ಮ ಶೆಡ್‌ನ ಅನುಭವ

ಪೀಣ್ಯದಲ್ಲಿ ನಮ್ಮದು ಚಿಕ್ಕ ಮಷಿನ್ ಶಾಪ್. ಟರ್ನಿಂಗ್, ಮಿಲ್ಲಿಂಗ್, ಎಲ್ಲಾ ಸೇರಿ ಲೋಹ ಕೊರೆಯುವ ಹತ್ತು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್, ಮೂವತ್ತರ ಆಸುಪಾಸು ಜನ. ಕೆಲಸದ ಜಾಗಕ್ಕೆ ಅಧ್ಯಾತ್ಮ, ಸೇವಾಭಾವ ತರಬೇಕು ಅಂತ ನಾನು ಹೊರಟಾಗ ಪಕ್ಕದ ಶೆಡ್‌ನವರು "ಮೊದ್ಲು ಡೆಲಿವರಿ ಕೊಡಿ ಸ್ವಾಮಿ, ಮಠ ಆಮೇಲೆ ಕಟ್ಟೋರಂತೆ" ಅಂದಿದ್ದರು. ಆಡಿಟರ್ ಈ ಖರ್ಚನ್ನ ಯಾವ ಹೆಡ್‌ಗೆ ಹಾಕಲಿ ಅಂತ ಕೇಳಿದ್ದರು. ಈಗ ಅದೇ ಪಕ್ಕದ ಶೆಡ್‌ನವರು ಬಂದು ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಯಾವುದು ಆಗಲಿಲ್ಲ ಅಂತ ಹೇಳಿಬಿಡುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

ಒಬ್ಬ ಟ್ರೈನರ್‌ನ ಕರೆಸಿದ್ದೆ. ಎರಡು ದಿನ, ಹೋಟೆಲ್ ಹಾಲ್, ಊಟ ಎಲ್ಲ ಸೇರಿ ಹತ್ತಿರ ಹತ್ತಿರ ಎಪ್ಪತ್ತು ಸಾವಿರ. ಜನ ಬಂದರು, ಕಣ್ಣು ಮುಚ್ಚಿದರು, ಸರ್ಟಿಫಿಕೇಟ್ ತಗೊಂಡರು. ಸೋಮವಾರ ನೋಡಿದರೆ ನೆಲದ ಮೇಲೆ ಅದೇ ಕೂಲಂಟ್ ನೀರು, ಅದೇ ಚಿಪ್ಸ್ (ಲೋಹದ ಚೂರು) ರಾಶಿ, ಸೆಕೆಂಡ್ ಶಿಫ್ಟ್‌ನವನಿಗೂ ಫಸ್ಟ್ ಶಿಫ್ಟ್‌ನವನಿಗೂ ಅದೇ ಜಗಳ. ಆಮೇಲೆ ಶನಿವಾರದ ಭಜನೆ. ಕಡ್ಡಾಯ ಮಾಡಿರಲಿಲ್ಲ. ಆದರೆ ಓನರ್ ಕೂತಿರುವಾಗ ಬರದೇ ಇರೋಕೆ ಯಾರಿಗೆ ಧೈರ್ಯ? ನಮ್ಮ ಇಬ್ಬರು ಮುಸ್ಲಿಂ ಆಪರೇಟರ್‌ಗಳು, ಕ್ಯೂಸಿಯಲ್ಲಿ (ಮಾಲು ಪರೀಕ್ಷೆ ಮಾಡೋ ಕಡೆ) ಇರುವ ಕ್ರಿಶ್ಚಿಯನ್ ಹುಡುಗಿ ಹಿಂದೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಒಂದೇ ಶೆಡ್‌ನಲ್ಲಿ ದುಡಿಯುವವರಲ್ಲಿ ಕೆಲವರಿಗೆ ತಾವು ಹೊರಗಿನವರು ಅನ್ನಿಸುವ ಹಾಗಿದ್ದರೆ ಅದು ಅಧ್ಯಾತ್ಮ ಹೇಗಾಗುತ್ತೆ? ನಿಲ್ಲಿಸಿದೆ. ಆಯುಧ ಪೂಜೆ ಮಾತ್ರ ಮೊದಲಿನಂತೆಯೇ ಇದೆ, ಅದರಲ್ಲಿ ಎಲ್ಲರೂ ತಮ್ಮ ತಮ್ಮ ಮಷಿನ್ ತೊಳೆದು ಹೂವು ಹಾಕುತ್ತಾರೆ.

ಧ್ಯಾನಕ್ಕೆ ಅಂತ ಮೇಲೆ ಒಂದು ರೂಮ್ ಕೂಡ ಮಾಡಿಸಿದ್ದೆ. ಎಂಟು ಗಂಟೆ ನಿಂತು ಕೆಲಸ ಮಾಡಿದವನು ಚಾಪೆ ಮೇಲೆ ಕೂತರೆ ನಿದ್ದೆ ಬರದೇ ಇರುತ್ತಾ? ಅಲ್ಲಿ ಈಗ ಫಿಕ್ಸ್ಚರ್ (ಕೆಲಸದ ತುಂಡನ್ನ ಹಿಡಿದಿಡೋ ಸಾಧನ) ರ‍್ಯಾಕ್ ಇದೆ.

ಇನ್ನು ದುಡ್ಡಿನ ಮಾತು. ಓವರ್‌ಟೈಮ್‌ಗೆ ಡಬಲ್ ಕೊಡಬೇಕು ಅಂತ ಕಾನೂನೇ ಇದೆ, ನಮ್ಮ ಕಡೆ ಎಷ್ಟು ಶೆಡ್‌ಗಳಲ್ಲಿ ಕೊಡುತ್ತಾರೆ ಅಂತ ನಿಮಗೂ ಗೊತ್ತು. ಅದನ್ನ ಕೊಡದೆ ಸೇವೆಯ ಮಾತೆತ್ತಬೇಡಿ. ಜನ ಬಾಯಿಬಿಟ್ಟು ಹೇಳಲ್ಲ, ಆದರೆ ಮನಸ್ಸಲ್ಲಿ ಲೆಕ್ಕ ಇಟ್ಟಿರುತ್ತಾರೆ. ಡಬಲ್ ಕೊಡೋಕೆ ಶುರು ಮಾಡಿದ ಮೇಲೆ ನನಗೆ ತಿಂಗಳಿಗೆ ಮೂವತ್ತೈದು ನಲವತ್ತು ಸಾವಿರ ಜಾಸ್ತಿ ಬಿತ್ತು. ಮಿಕ್ಕಿದ್ದೆಲ್ಲ ನಿಂತಿರೋದು ಅದರ ಮೇಲೆ.

ದಾರಿ ತೋರಿಸಿದ್ದು ನಾನಲ್ಲ, ನಮ್ಮ ಸೆಟ್ಟರ್, ಅಂದರೆ ಮಷಿನ್‌ಗಳನ್ನ ಕೆಲಸಕ್ಕೆ ಹೊಂದಿಸಿ ಕೊಡೋನು. ಲಿಂಗಸುಗೂರು ಕಡೆಯವನು. ಅವನ ತಾಯಿಯನ್ನ ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದ. ರಜೆ ಮುಗಿಸಿ ಬಂದವನೇ ನನ್ನ ಟೇಬಲ್ ಮುಂದೆ ನಿಂತು, "ಸರ್, ಭಾಷಣ ಬಿಡ್ರಿ. ನಾವು ಮೈಕ್ರಾನ್ ಲೆಕ್ಕದಾಗ ಕೆಲಸ ಮಾಡೋರು. ಅಲ್ಲಿ ವೀಲ್‌ಚೇರ್ ಗಾಲಿ ತಿರುಗಂಗಿಲ್ಲ, ಅವ್ವನ್ನ ಎತ್ಕೊಂಡು ಹೋದೆ. ನಮ್ಮ ಕೈಯಾಗ ಇರೋ ಕೆಲಸಾನ ಕೊಡೋಣ್ರಿ" ಅಂದ.

ಅನುಮತಿ ಪತ್ರಕ್ಕೆ ಓಡಾಡಿದ್ದೇ ಎರಡು ಮೂರು ತಿಂಗಳು. ಸರ್ಕಾರಿ ಸಾಮಾನು, ಹೊರಗೆ ತರೋಕೆ ಬಿಡಲ್ಲ. ಹಾಗಾಗಿ ತಿಂಗಳಿಗೊಂದು ಭಾನುವಾರ ಟೂಲ್ ಬಾಕ್ಸ್ ಹೊತ್ತು ನಾವೇ ಅಲ್ಲಿಗೆ ಹೋಗುತ್ತೇವೆ. ಹೆಚ್ಚಿನ ಕುರ್ಚಿಗಳಿಗೆ ಬೇರೆ ದೊಡ್ಡ ರೋಗ ಏನೂ ಇಲ್ಲ. ಮುಂದಿನ ಚಿಕ್ಕ ಗಾಲಿಯ ಆಕ್ಸಲ್‌ಗೆ ತಲೆಕೂದಲು, ಸೀರೆ ನೂಲು, ಬ್ಯಾಂಡೇಜ್ ದಾರ ಗಟ್ಟಿಯಾಗಿ ಸುತ್ತಿಕೊಂಡಿರುತ್ತೆ. ಬ್ಲೇಡಲ್ಲಿ ಕೊಯ್ದು ಎಳೆಯಬೇಕು. ನೆಲ ತೊಳೆದ ನೀರು ಕುಡಿದು ಕುಡಿದು ಗಾಲಿಯೊಳಗಿನ ಚಿಕ್ಕ ಬೇರಿಂಗ್ (608 ಸೈಜು) ತುಕ್ಕು ಹಿಡಿದಿರುತ್ತೆ. ಹೊಸದು ಮೂವತ್ತು ನಲವತ್ತು ರೂಪಾಯಿ, ಅಷ್ಟೇ. ಬ್ರೇಕ್ ಲಿವರ್‌ನ ಬುಷ್ ನಮ್ಮಲ್ಲೇ ಉಳಿದ ನೈಲಾನ್ ರಾಡ್ ತುಂಡಲ್ಲಿ ಟರ್ನ್ ಮಾಡುತ್ತೇವೆ. ಕುರ್ಚಿಯ ಪೈಪ್ ತೆಳು, ಆರ್ಕ್ ವೆಲ್ಡಿಂಗ್ ಹಚ್ಚಿದರೆ ತೂತು ಬೀಳುತ್ತೆ, ಅದಕ್ಕೆ ನಾಜೂಕಾಗಿ ಬೆಸೆಯೋ ಟಿಗ್ ವೆಲ್ಡಿಂಗ್ ಸೆಟ್ ಬಾಡಿಗೆಗೆ ತಗೊಂಡು ಹೋಗುತ್ತೇವೆ. ಸೀಟಿನ ರೆಕ್ಸಿನ್ ಹೊಲಿಯೋಕೆ ಟೈಲರ್ ಒಬ್ಬರಿದ್ದಾರೆ. ಒಂದು ಕುರ್ಚಿಗೆ ಒಟ್ಟು ಮುನ್ನೂರರಿಂದ ಆರುನೂರು ರೂಪಾಯಿ. ಇಲ್ಲಿವರೆಗೆ ಇನ್ನೂರರ ಮೇಲೆ ಕುರ್ಚಿ ಆಗಿರಬೇಕು.

ನಮ್ಮ ಶೆಡ್‌ನಲ್ಲಿ ಬಾಯೇ ಬಿಡದ ಒಬ್ಬ ಹೆಲ್ಪರ್ ಹುಡುಗ ಇದ್ದಾನೆ. ಮೊದಲ ಭಾನುವಾರ ಅವನು ರಿಪೇರಿ ಮಾಡಿದ ಕುರ್ಚಿಯಲ್ಲಿ ಒಬ್ಬ ಅಜ್ಜಿಯನ್ನ ಎಕ್ಸ್‌ರೇಗೆ ತಳ್ಳಿಕೊಂಡು ಹೋದ. ದಾರಿಯಲ್ಲಿ ಎಡಗಾಲಿ ಸ್ವಲ್ಪ ಅದುರುವುದು ಕಂಡಿತಂತೆ. ಅಜ್ಜಿಯನ್ನ ವಾರ್ಡಿಗೆ ಬಿಟ್ಟು ಬಂದವನೇ ಯಾರೂ ಹೇಳದೆ ಕುರ್ಚಿ ಮಗುಚಿ ಮತ್ತೆ ಬಿಚ್ಚಿದ. ಇದು ಯಾವ ಟ್ರೈನರ್ ಕಲಿಸಿದ್ದು ಹೇಳಿ?

ಅಲ್ಲಿಂದ ಶೆಡ್ಡೇ ಬದಲಾಯಿತು. ಈಗ ಶಿಫ್ಟ್ ಬದಲಾಗುವಾಗ ಹೋಗುವವನು ಮಷಿನ್ ಒರೆಸಿ, ಚಿಪ್ಸ್ ತೆಗೆದು, ಬರುವವನ ಜೊತೆ ಎರಡು ನಿಮಿಷ ಸುಮ್ಮನೆ ನಿಲ್ಲುತ್ತಾನೆ. ಮಷಿನ್ ತಿರುಗೋದು ನಿಂತಿರುತ್ತೆ. ಯಾರು ಯಾವ ದೇವರನ್ನ ನೆನೆಯುತ್ತಾರೋ ಅವರವರಿಗೆ ಬಿಟ್ಟಿದ್ದು. ಒಂದು ಮಷಿನ್‌ಗೆ ಗಂಟೆಗೆ ಆರುನೂರು ರೂಪಾಯಿ ರೇಟು ಹಿಡಿದರೆ ಹತ್ತು ಮಷಿನ್‌ಗೆ, ದಿನಕ್ಕೆ ಎರಡು ಸಲ, ತಿಂಗಳಿಗೆ ಹತ್ತು ಸಾವಿರ ಹೋಯ್ತು ಅಂತ ಪಕ್ಕದವರು ಲೆಕ್ಕ ಹಾಕಿ ತೋರಿಸಿದರು. ಹೋಗಲಿ ಬಿಡಿ. ಆ ಎರಡು ನಿಮಿಷದಲ್ಲೇ "ಈ ಲಾಟ್‌ನಲ್ಲಿ ಆಫ್‌ಸೆಟ್ (ಮಷಿನ್‌ಗೆ ಕೊಡೋ ಟೂಲ್ ಅಳತೆ) ತಪ್ಪು ಕೊಟ್ಟೆ, ನೋಡ್ಕೋ" ಅನ್ನೋ ಮಾತು ಬರುತ್ತೆ. ತಾನಾಗಿ ಹೇಳಿದವನ ಸಂಬಳದಲ್ಲಿ ಒಂದು ರೂಪಾಯಿ ಹಿಡಿಯಲ್ಲ. ರಿಜೆಕ್ಷನ್, ಅಂದರೆ ಕೆಟ್ಟು ಹೋಗೋ ಮಾಲು, ಐದಾರು ಪರ್ಸೆಂಟ್ ಇದ್ದದ್ದು ಎರಡರ ಹತ್ತಿರ ಬಂದಿದೆ. ಅದೇ ಹೊತ್ತಿಗೆ ಅಳತೆ ನೋಡೋ ಗೇಜುಗಳನ್ನೂ ಬದಲಾಯಿಸಿದ್ದೆವು, ಅದರ ಪಾಲೂ ಇದೆ. ಆದರೆ ತಪ್ಪನ್ನ ತಾನಾಗಿ ಒಪ್ಪಿಕೊಳ್ಳೋದು ಗೇಜಿನಿಂದ ಬಂದದ್ದಲ್ಲ.

ಇನ್ನೊಂದು ಪ್ರಯೋಗವೂ ಆಯಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ವಾಪಸ್ ಕಳಿಸಿದ ಕಥೆ ನಿಮಗೆಲ್ಲ ಗೊತ್ತಲ್ವಾ. ಮಾರಯ್ಯ ನಮ್ಮ ಲಿಂಗಸುಗೂರು ಸೀಮೆಯವನು ಅಂತ ಸೆಟ್ಟರ್‌ಗೆ ಹೆಮ್ಮೆ. ಊಟದ ಹೊತ್ತಲ್ಲಿ ಅವನು ಆ ಕಥೆ ಹೇಳಿದ ಮೇಲೆ ನಾನು ಟೂಲ್ ಸ್ಟೋರ್‌ನ ಬೀಗ ತೆಗೆಸಿದೆ. ಬೇಕಾದವರು ಬೇಕಾದಷ್ಟು ತಗೊಳ್ಳಿ, ಬರೆದಿಡಿ. ಒಂದು ಇನ್ಸರ್ಟ್ (ಲೋಹ ಕೊರೆಯೋ ಚಿಕ್ಕ ತುದಿ) ಮುನ್ನೂರು ನಾನೂರು ರೂಪಾಯಿ, ಮೊದಲ ತಿಂಗಳು ನನಗೆ ನಿದ್ದೆ ಬಂದಿಲ್ಲ. ಬಳಕೆ ಮಾತ್ರ ಇಳಿಯಿತು. ಬೀಗ ಇದ್ದಾಗ ಎಲ್ಲರೂ ಡ್ರಾಯರಲ್ಲಿ ಎರಡು ಮೂರು ಬಚ್ಚಿಡುತ್ತಿದ್ದರು, ಈಗ ಆ ಅಗತ್ಯ ಇಲ್ಲ.

ಆಸ್ಪತ್ರೆಯಲ್ಲಿ ಫೋಟೋ ಇಲ್ಲ, ಬ್ಯಾನರ್ ಇಲ್ಲ. ಒಬ್ಬ ಕಸ್ಟಮರ್ ಕಡೆಯವರು ಟೀ ಶರ್ಟ್ ಕೊಡ್ತೀವಿ, ವಿಡಿಯೋ ಮಾಡೋಣ ಅಂದರು. ಬೇಡ ಅಂದೆ. ರೋಗಿಗಳ ಮುಖ ನಮ್ಮ ಹೆಸರಿಗೆ ಬಳಸೋದು ನನಗೆ ಸರಿ ಕಾಣಲ್ಲ. ಭಾನುವಾರ ಬರೋರಿಗೆ ಹಾಜರಿಯೂ ಇಲ್ಲ, ಬರದಿದ್ದವರನ್ನ ಯಾರೂ ಕೇಳಲ್ಲ. ಆದರೂ ಹತ್ತು ಹನ್ನೆರಡು ಜನಕ್ಕೆ ಕಮ್ಮಿ ಬಂದದ್ದಿಲ್ಲ. ಅವರು ಯಾಕೆ ಬರುತ್ತಾರೆ ಅಂತ ಇಲ್ಲಿ ಬರೆಯಲ್ಲ, ಒಂದು ಭಾನುವಾರ ಜೊತೆಗೆ ಬನ್ನಿ, ನೋಡಿದರೆ ಗೊತ್ತಾಗುತ್ತೆ.

ಈಗ ಸ್ಟ್ರೆಚರ್‌ಗಳಿಗೆ ಕೈ ಹಾಕಿದ್ದೇವೆ. ಪಕ್ಕದ ಕಂಬಿಗಳ ಲಾಕ್ ಪಿನ್ ಎಲ್ಲ ಸವೆದಿವೆ, ಇಎನ್‌8 ಅನ್ನೋ ಗಟ್ಟಿ ಉಕ್ಕಿನಲ್ಲಿ ಮಾಡಿ ನೋಡುತ್ತಿದ್ದೇವೆ. ಯಾರ ಶೆಡ್‌ನಲ್ಲಾದರೂ 12 ಎಂಎಂ ರಾಡ್ ತುಂಡುಗಳು ಸ್ಕ್ರ್ಯಾಪ್‌ಗೆ ಹೋಗುವುದಿದ್ದರೆ ತೆಗೆದಿಡಿ, ಸ್ಕ್ರ್ಯಾಪ್ ರೇಟಿಗಿಂತ ಜಾಸ್ತಿಯೇ ಕೊಟ್ಟು ತಗೊಂಡು ಹೋಗುತ್ತೇವೆ.