ನಮ್ಮ ಅವ್ವನ ಕೋಣಿಗೆ ಬಿಸಲು ಹಿಡದು ಕೊಟ್ಟ ಕತಿ

"ಏ ತಮ್ಮಾ, ಬ್ಯಾಸಗ್ಯಾಗ 40 ಡಿಗ್ರಿ ಮ್ಯಾಲ ಸುಡೋ ಊರಾಗ ಮನಿ ಕಾಸಾಕ ಹೊಂಟೀಯಲ್ಲೋ, ಮಿಲಿಟ್ರ್ಯಾಗ ತಲಿಗೇನರ ಪೆಟ್ಟು ಬಿದ್ದೈತೇನು?" ಅಂತ ಬಾಜೂ ಮನಿ ಕಾಕಾ ಕೇಳಿದ್ರು, ನಾ ದಕ್ಷಿಣದ ಗ್ವಾಡಿಗೆ ಪೈಪ್ ನಿಲ್ಲಸಾಕತ್ತಿದಾಗ. ನಮ್ದು ಗಂಗಾವತಿ ತಾಲ್ಲೂಕು, ಆನೆಗೊಂದಿ ಕಡೆ. ಇಲ್ಲಿ ಥಂಡಿ ಅಂದ್ರ ಎರಡು ತಿಂಗಳ ಆಟ, ಅದೂ ರಾತ್ರಿ ಅಷ್ಟ. ಆದ್ರ ನಮ್ಮ ಅವ್ವಗ 78 ವಯಸ್ಸು, ಮೊಣಕಾಲು ನೋವು, ಆಕಿ ಮಲಗೋ ಕೋಣಿ ಸೈಜುಗಲ್ಲಿನ ಒಂದೂವರೆ ಫೂಟಿನ ಗ್ವಾಡಿ, ಮ್ಯಾಲ ಮಾತ್ರ ತಗಡು. ನಸುಕಿನ್ಯಾಗ ಆ ತಗಡು ಹೆಂಗ ತಣ್ಣಗಾಗತೈತಿ ಅಂದ್ರ ಕೆಳಗ ಮಲಗಿದವರ ಮೈಯಾಗಿನ ಬಿಸಿನೂ ಎಳಕೊಂಡಂಗ.

ಅವ್ವ ಏನ್ ಮಾಡ್ತಿದ್ಲಪಾ ಅಂದ್ರ, ಹಳೇ ಬೋಗುಣಿಯಾಗ ಕೆಂಡ ಹಾಕ್ಕೊಂಡು ಮಂಚದ ಕೆಳಗ ಇಟ್ಟು, ಬಾಗಲಾ ಕಿಟಕಿ ಎಲ್ಲಾ ಹಾಕ್ಕೊಂಡು ಮಲಗಾಕಿ. ಒಂದಿನ ಮುಂಜಾನಿ ತಲಿಸುತ್ತು, ವಾಂತಿ. ಡಾಕ್ಟರ್ ಚೊಲೋ ಬೈದ್ರು, ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ ವಾಸನಿ ಇಲ್ಲ, ಮುಚ್ಚಿದ ಕೋಣ್ಯಾಗ ಮಲಗಿದಲ್ಲೇ ಜೀವ ತಗೀತೈತಿ ಅಂದ್ರು. ರೂಮ್ ಹೀಟರ್ ತಂದೆ, 2000 ವ್ಯಾಟಿಂದು, ತಾಸಿಗೆ 2 ಯುನಿಟ್. ಅವ್ವ ಮೀಟರ್ ತಿರಗೋದು ನೆನಸಿಕೊಂಡು ನಾ ಈ ಕಡೆ ಬಂದ್ಕೂಡ್ಲೆ ಆಫ್ ಮಾಡಿ ಮತ್ತ ಕೆಂಡ ಹುಡುಕ್ಯಾಡೋಳು.

ಆವಾಗ ಲಡಾಖಿನ ಲೇಹ್ ನೆನಪಾತು. ಅಲ್ಲಿ ಡ್ಯೂಟಿ ಮಾಡಿದಾಗ ನೋಡಿದ್ದೆ, 3500 ಮೀಟರ್ ಎತ್ತರ, ರಾತ್ರಿ ಮೈನಸ್ 20ರ ಹತ್ತರ ಹೋಗತೈತಿ, ಅಲ್ಲಿ ಮಂದಿ ಮನಿ ದಕ್ಷಿಣದ ಗ್ವಾಡಿಗೆ ಪ್ಲಾಸ್ಟಿಕ್ಕಿನ ಗ್ರೀನ್‌ಹೌಸ್ ಆನಿಸಿ ಕಟ್ಟತಾರ, ಹಗಲೊತ್ತು ಒಳಗ ಬಿಸಿಯಾದ ಗಾಳಿ ಮನಿಯೊಳಗ ಬಿಟ್ಕೋತಾರ, ಬ್ಯಾಸಗಿಗೆ ಪ್ಲಾಸ್ಟಿಕ್ ಸುತ್ತಿ ಇಡತಾರ. ಫೇ ಅನ್ನೋ ಊರಿನ ಹತ್ತರ ಸೆಕ್ಮೋಲ್ ಶಾಲಿ ಐತಿ, ಅಲ್ಲೂ ಇದ ಪದ್ಧತಿ. ಅಷ್ಟು ಥಂಡ್ಯಾಗ ನಡೀತೈತಿ ಅಂದ್ರ ನಮ್ಮಲ್ಲಿ ಯಾಕ ಆಗಬಾರ್ದು ಅನ್ನಿಸ್ತು.

ಗ್ವಾಡಿ ಉದ್ದ 14 ಫೂಟು. ಅದಕ್ಕ 6 ಫೂಟು ಮುಂದ ಬಂದಂಗ ಜಿಐ ಪೈಪಿನ ಫ್ರೇಮ್, ಗ್ವಾಡಿ ಕಡೆ 9 ಫೂಟು, ಹೊರಗ 6 ಫೂಟು ಇಳಿಜಾರು. ಮ್ಯಾಲ 200 ಮೈಕ್ರಾನ್ ದಪ್ಪದ ಯುವಿ ಶೀಟ್, ಅಂದ್ರ ಬಿಸಲಿಗೆ ಲಗೂನ ಹಾಳಾಗದ ಪ್ಲಾಸ್ಟಿಕ್, ಬೆಳಿ ಬೆಳಿಯೋ ಪಾಲಿಹೌಸ್‌ಗೆ ಹಾಕತಾರಲ್ಲ ಅದು. ರೊಕ್ಕ ಉಳಸಾಕ ಹೋಗಿ ಸಾದಾ ಪ್ಲಾಸ್ಟಿಕ್ ತರಬ್ಯಾಡ್ರಿ, ನಮ್ಮ ಬಿಸಲಿಗೆ ಒಂದು ವರ್ಷದಾಗ ಹಪ್ಪಳ ಆಗತೈತಿ. ಶೀಟ್ ಹಿಡಿಸಾಕ ಪಾಲಿಹೌಸಿನವರು ಹಾಕೋ ಪ್ರೊಫೈಲ್ ಪಟ್ಟಿ, ಝಿಗ್‌ಝಾಗ್ ಸ್ಪ್ರಿಂಗ್ ಹಾಕೀನಿ, ಇಬ್ಬರಿದ್ರ ಅರ್ಧ ತಾಸಿನ್ಯಾಗ ಬಿಚ್ಚಬಹುದು. ಡ್ರಮ್ಮು, ವೆಲ್ಡಿಂಗ್ ಎಲ್ಲಾ ಕೂಡಿ ನನಗ 18 ಸಾವಿರದ ಮ್ಯಾಲ ಹೋತು.

ಗ್ವಾಡಿಗೆ ಸುಣ್ಣ ಇತ್ತು. ಬಿಳೀ ಗ್ವಾಡಿ ಬಿಸಲು ವಾಪಸ್ ಒಗೀತೈತಿ, ಕರೇ ಬಣ್ಣ ಹಚ್ಚೋಣು ಅಂದೆ. ಅವ್ವ ಎದ್ದು ಕುಂತ್ಲು, "ಮನಿ ಗ್ವಾಡಿಗೆ ಯಾರರ ಕರೇದು ಬಳೀತಾರೇನೋ? ಏನ್ ದೃಷ್ಟಿಬೊಟ್ಟು ಇಡಾಕತ್ತೀಯಾ?" ಕೊನಿಗೆ ಕೆಮ್ಮಣ್ಣಿಗೆ ರಾಜಿ ಆತು. ಕರೇದರಷ್ಟು ಹೀರಲ್ಲ, ಆದ್ರ ಸುಣ್ಣಕ್ಕಿಂತ ಭಾಳ ಮೇಲು.

ಗ್ವಾಡ್ಯಾಗ ಮ್ಯಾಲ ಎರಡು, ನೆಲದ ಹತ್ತರ ಎರಡು ಕಿಂಡಿ ಕೊರಸಿದೆ. ಬಿಸಿ ಗಾಳಿ ಹಗುರ, ಮ್ಯಾಲಿನ ಕಿಂಡಿಯಿಂದ ಕೋಣಿಯೊಳಗ ಬರತೈತಿ, ಕೋಣಿಯೊಳಗಿನ ತಣ್ಣನ ಗಾಳಿ ಕೆಳಗಿನ ಕಿಂಡಿಯಿಂದ ಹೊರಗ ಗ್ರೀನ್‌ಹೌಸಿಗೆ ಹೋಗತೈತಿ, ಫ್ಯಾನ್ ಬ್ಯಾಡ ಏನೂ ಬ್ಯಾಡ. ಮಧ್ಯಾಹ್ನ 12ಕ್ಕ ಕೆಳಗಿನ ಕಿಂಡಿ ಮುಂದ ಊದಿನಕಡ್ಡಿ ಹಿಡದೆ, ಹೊಗಿ ಸರ್ರ್ ಅಂತ ಹೊರಗ ಎಳಕೊಂಡು ಹೋತು. ಭಾಳ ಖುಷಿ ಆತು. ಆದ್ರ ಆ ರಾತ್ರಿ ಕಿಂಡಿ ಹಂಗ ಬಿಟ್ಟು ಮಲಗೀವಿ, ಮುಂಜಾನಿ ಅವ್ವ "ಮೊದಲಿಗಿಂತ ಥಂಡಿ ಜಾಸ್ತಿ ಆಗೈತಲ್ಲೋ" ಅಂತ ನಡುಗಾಕತ್ತಾಳ. ಮರುದಿನ ರಾತ್ರಿ ಮತ್ತ ಊದಿನಕಡ್ಡಿ ಹಿಡದು ನೋಡ್ತೀನಿ, ಹೊಗಿ ಉಲ್ಟಾ ಒಳಗ ಬರಾಕತ್ತೈತಿ! ರಾತ್ರಿ ಗ್ರೀನ್‌ಹೌಸ್ ತಣ್ಣಗಾಗಿ ಅಲ್ಲಿಂದ ಥಂಡಿ ಗಾಳಿ ಕೆಳಗ ನುಗ್ಗತಿತ್ತು, ಮನಿ ಬಿಸಿ ಮ್ಯಾಲಿಂದ ಹೊರಗ ಹೋಗತಿತ್ತು. ಕಿಂಡಿಗೆ ಕಟ್ಟಿಗಿ ಮುಚ್ಚಳ ಮಾಡಿಸಿದೆ, ದೀಪ ಹಚ್ಚೋ ಹೊತ್ತಿಗೆ ಮುಚ್ಚೋ ಡ್ಯೂಟಿ ಅವ್ವಂದು.

ಮುಚ್ಚಿದ್ರೂ ಮೊದಲ ವಾರ ಲೆಕ್ಕ ಹತ್ತಲಿಲ್ಲ. ಮುಂಜಾನಿ 5ಕ್ಕ 17 ಡಿಗ್ರಿ ಇದ್ದದ್ದು 18 ಆತು, ಅಷ್ಟ. ಹಗಲೆಲ್ಲಾ ಗಳಿಸಿದ್ದು ರಾತ್ರಿ ತಗಡಿನಿಂದ ಸೋರಿ ಹೋಗತಿತ್ತು, ತೂತಿನ ಕೊಡಾ ತುಂಬಿಸಿದಂಗ. ನಮ್ಮ ಕಡೆ ರೈಸ್‌ಮಿಲ್ಲಿಗೇನು ಕಡಿಮಿ ಇಲ್ಲ, ಭತ್ತದ ಹೊಟ್ಟು ಚೀಲಗಟ್ಟಲೆ ಸಿಗತೈತಿ, ತಗಡಿನ ಕೆಳಗ ಬಿದಿರಿನ ತಟ್ಟಿ ಕಟ್ಟಿ ಅದರ ಮ್ಯಾಲ ಹೊಟ್ಟಿನ ಚೀಲ ಒತ್ತಿ ಒತ್ತಿ ಜೋಡಿಸಿದೆ. ಆಮ್ಯಾಲ 21ರ ಕೆಳಗ ಇಳೀಲಿಲ್ಲ. ಖರೇ ಹೇಳಬೇಕಂದ್ರ ಪ್ಲಾಸ್ಟಿಕ್ ಹಾಕೋಕ್ಕಿಂತ ಮೊದ್ಲು ಇದನ್ನ ಮಾಡಬೇಕಿತ್ತು. ಇನ್ನ ಆ ಕಲ್ಲಿನ ಗ್ವಾಡಿ, ಸಂಜಿ 4ಕ್ಕ ಹೊರಗ ಕೈ ಇಟ್ರ ಸುಡತೈತಿ, ಒಳಗಿನ ಮೈ ಬೆಚ್ಚಗಾಗೋದು ರಾತ್ರಿ 9-10ರ ಸುಮಾರಿಗೆ. ಸರಿಯಾಗಿ ಮಲಗೋ ಹೊತ್ತಿಗೆ. ಅವ್ವ ಈಗ ಮಂಚ ಆ ಗ್ವಾಡಿಗೆ ಹಚ್ಚಿ ಹಾಕ್ಕೊಂಡಾಳ, ಬೆನ್ನು ಆ ಕಡೆ ಮಾಡಿ ಮಲಗತಾಳ.

ಗ್ರೀನ್‌ಹೌಸಿನ ಒಳಗ 200 ಲೀಟರಿನ ನಾಲ್ಕು ಡ್ರಮ್ಮಿಗೆ ಕರೇ ಬಣ್ಣ ಬಳದು (ಡ್ರಮ್ಮಿಗೆ ಅವ್ವಂದು ತಕರಾರಿಲ್ಲ) ನೀರು ತುಂಬೀನಿ. ಒಂದು ಡ್ರಮ್ 10 ಡಿಗ್ರಿ ಏರಿದ್ರ ಹತ್ತರ ಹತ್ತರ 2.3 ಯುನಿಟ್ ಕರೆಂಟಿನಷ್ಟು ಬಿಸಿ ಹಿಡದಂಗ. ಮುಚ್ಚಳ ಮಾತ್ರ ಬಿಗಿ ಇರಬೇಕ್ರಿ. ಒಂದರ ಮುಚ್ಚಳ ಸಡಲ ಆಗಿತ್ತು, ಆಶಾ ಕಾರ್ಯಕರ್ತೆ ಅಕ್ಕ ಸೊಳ್ಳಿ ಲಾರ್ವಾ ನೋಡಾಕ ಬಂದವರು ಟಾರ್ಚ್ ಬಿಟ್ರ ಹುಳ ಕುಣ್ಯಾಕತ್ತಿದ್ವು, ಓಣಿ ಮಂದಿ ಮುಂದ ಮರ್ಯಾದಿ ಹೋತು.

ಗ್ರೀನ್‌ಹೌಸಿನ್ಯಾಗ ಮೆಂತೆ, ಪಾಲಕ್ ಬೆಳದೀವಿ, ಚೊಲೋ ಬಂದ್ವು. ಆದ್ರ ಗಿಡ ಜಾಸ್ತಿ ಇಟ್ರ ಹಸಿ ಗಾಳಿ ಕೋಣಿಯೊಳಗ ಬಂದು ಹಾಸಿಗಿ ಮುಗ್ಗು ವಾಸನಿ ಹೊಡೀತೈತಿ, ಹಂಗಾಗಿ ಈಗ ಎರಡ ಮಡಿ. ಔಷಧ ಹೊಡಿಯೋ ಹಂಗಂತೂ ಇಲ್ಲ, ಅದ ಗಾಳಿ ಅವ್ವ ಉಸಿರಾಡೋದು, ಬೇವಿನೆಣ್ಣಿ ಅಷ್ಟ.

ಮಂಗ್ಯಾನ ಕಾಟ ಹೇಳಲಿಲ್ಲಂದ್ರ ಕತಿ ಪೂರಾ ಆಗಲ್ಲ. ಅಂಜನಾದ್ರಿ ಸೀಮಿ, ಹನುಮಪ್ಪನ ಊರು, ಬೈಯಂಗೂ ಇಲ್ಲ. ಮೊದಲ ಶೀಟ್ ಹದಿನೈದು ದಿನದಾಗ ಎರಡು ಕಡೆ ಹರೀತು, ಅವು ತಗಡಿನಿಂದ ಇಳಿಜಾರಿನ ಮ್ಯಾಲ ಜಾರಬಂಡಿ ಆಡತಿದ್ವು. ಈಗ ಶೀಟಿನ ಮ್ಯಾಲ ಅರ್ಧ ಫೂಟು ಬಿಟ್ಟು ದೊಡ್ಡ ಕಣ್ಣಿನ ತಂತಿ ಜಾಳಗಿ ಎಳದೀನಿ.

ಶಿವರಾತ್ರಿಗೆ ಥಂಡಿ ಶಿವಶಿವಾ ಅಂತ ಹೋಗತೈತಿ ಅಂತಾರ, ನಾ ಅದನ್ನ ನಂಬಿ ಕುಂತು ಕೆಟ್ಟೆ. ಫೆಬ್ರವರಿ ನಡುವ ರಾತ್ರಿ 11ಕ್ಕ ಕೋಣ್ಯಾಗ 33 ಡಿಗ್ರಿ, ಅವ್ವ ಅಂಗಳಕ್ಕ ಬಂದು ಮಲಗಿದ್ಲು. ಈಗ ಸಂಕ್ರಾಂತಿ ಆಗಿ ಎರಡು ವಾರಕ್ಕ ಶೀಟ್ ಬಿಚ್ಚಿ ಅದ ಫ್ರೇಮಿಗೆ 75 ಪರ್ಸೆಂಟ್ ನೆರಳು ಕೊಡೋ ಹಸಿರು ನೆಟ್ ಹಾಕತೀನಿ. ಇಲ್ಲೊಂದು ಮಜಾ ಐತಿ, ಡಿಸೆಂಬರಿನ್ಯಾಗ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ 51 ಡಿಗ್ರಿ ಎತ್ತರ ಇರತಾನ, ಲೇಹ್‌ದಾಗ 32 ಅಷ್ಟ. ಮೇ ಮೊದಲ ವಾರದಿಂದ ಆಗಸ್ಟ್ 10ರ ತನಕ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕ ಹೋಗಿರತಾನ, ದಕ್ಷಿಣದ ಗ್ವಾಡಿಗೆ ಆ ಹೊತ್ತಿನ ನೇರ ಬಿಸಲ ಇಲ್ಲ. ಬ್ಯಾಸಗ್ಯಾಗ ಕಾಟ ಕೊಡೋದು ತಗಡು ಮತ್ತ ಪಶ್ಚಿಮದ ಗ್ವಾಡಿ. ಹಂಗಾಗಿ ನೆಟ್ ಆ ಕಡೆ ಎಂಟು ಫೂಟು ಸುತ್ತಿ ತಂದೀನಿ, ಹೊಟ್ಟಿನ ಚೀಲ ತಗಡಿನ ಬಿಸಿನೂ ತಡೀತೈತಿ.

ಈ ಸಲ ಕಾಕಾನ ಬಂದು "ನಮಗೂ ಒಂದು ಮಾಡಿಕೊಡಪಾ" ಅಂದ್ರು. ಅವರ ಮನಿಗೆ ಬಯಲಿದ್ದದ್ದು ಪೂರ್ವದ ಗ್ವಾಡಿ ಒಂದ, 12ರ ತನಕ ಬಿಸಲು, ಹಿಡದ ಬಿಸಿ ರಾತ್ರಿ ತನಕ ಉಳಿಯಲ್ಲ, ಬರೇ ಹೊಟ್ಟಿನ ಚೀಲ ಹಾಕಿಸ್ರಿ ಅಂದೆ. ಪ್ಲಾಸ್ಟಿಕ್ ಹಾಕಲ್ಲ ಅಂದಿದ್ದಕ್ಕ ಸಿಟ್ಟಾಗ್ಯಾರ, ಎರಡು ದಿನ ಆತು ಚಾಕ್ಕ ಬಂದಿಲ್ಲ.